ಬಂದದ್ದನ್ನು ಬರೆಯಲೇ, ಬರಬೇಕಾದದ್ದನ್ನು ಬರೆಯಲೇ?

ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ದ್ರವ್ಯದ ಸ್ಥಿತಿಗಳ ಕುರಿತು ಒಂದು ಪಾಠವಿದೆ. ಬೀಕರಿಗೆ ಮಂಜುಗಡ್ಡೆ ಹಾಕಿ, ಥರ್ಮಾಮೀಟರನ್ನು ಅದರಲ್ಲಿ ತೂಗುಬಿಟ್ಟು, ಕೆಳಗಿನಿಂದ ಕಾಯಿಸುತ್ತ ಹೋಗಿ, ಮಂಜು ಕರಗುವಾಗ ಎಷ್ಟು ಡಿಗ್ರಿ, ನೀರು ಕುದಿಯುವಾಗ ಎಷ್ಟು ಡಿಗ್ರಿ ಎಂದು ನೋಡಿ ಬರೆದುಕೊಳ್ಳುವ ಚಟುವಟಿಕೆ ಅದು. ನಾನು ಕೆಲಸಕ್ಕೆ ಸೇರಿ ನಾಲ್ಕೋ ಐದೋ ವರ್ಷವಾಗಿದ್ದಾಗ, ಬೆಂಗಳೂರಿನ ಪಶ್ಚಿಮ ಭಾಗದ ಒಂದು ಶಾಲೆಯಲ್ಲಿ ಈ ಪ್ರಯೋಗವನ್ನು ಮಾಡಿಸುತ್ತಿದ್ದೆ. ಕಿಟಕಿಯ ಪಕ್ಕದ ಮೇಜಿನಲ್ಲಿದ್ದ ಹುಡುಗಿಯೊಬ್ಬಳು ನೀರು ಮರಳುವುದನ್ನು ಬಹಳ ಹೊತ್ತು ನೋಡಿ, ರೆಕಾರ್ಡ್ ಪುಸ್ತಕದಲ್ಲಿ ಪೆನ್ಸಿಲಿನಿಂದ 97 ಎಂದು ಬರೆದಳು. ಪಕ್ಕದವಳ ಪುಸ್ತಕವನ್ನೊಮ್ಮೆ ನೋಡಿದಳು. ರಬ್ಬರು ತೆಗೆದು ಅದನ್ನು ಅಳಿಸಿ 100 ಎಂದು ಬರೆದಳು. ಮತ್ತೆ ಥರ್ಮಾಮೀಟರಿನ ಕಡೆ ನೋಡಿ, ಎದ್ದು ನಿಂತು ಕೇಳಿದಳು: “ಮೇಡಂ, ಬಂದಿದ್ದನ್ನ ಬರೀಲಾ, ಬರಬೇಕಾಗಿದ್ದನ್ನ ಬರೀಲಾ?”

ನಾನು ಕೊಟ್ಟ ಉತ್ತರವನ್ನು ಮುಚ್ಚಿಡದೆ ಹೇಳುತ್ತೇನೆ. “ಪರೀಕ್ಷೆಗೆ ನೂರು ಅಂತಲೇ ಬರಿ, ಥರ್ಮಾಮೀಟರು ಹಳೆಯದು” ಎಂದೆ. ಥರ್ಮಾಮೀಟರು ಹಳೆಯದೇನೋ ಹೌದು, ಆದರೆ ಅದರಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನಲ್ಲಿತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಸ್ವಲ್ಪ ಹೆಚ್ಚು ಎತ್ತರದಲ್ಲಿರುವ ಊರು. ಇಲ್ಲಿ ನಮ್ಮ ತಲೆಯ ಮೇಲಿರುವ ಗಾಳಿಯ ಒತ್ತಡ ಕಡಲ ತೀರದಲ್ಲಿರುವುದರ ಹತ್ತರಲ್ಲಿ ಒಂಬತ್ತು ಪಾಲಿನಷ್ಟೇ ಇರುತ್ತದೆ. ಒತ್ತಡ ಕಡಿಮೆಯಾದಲ್ಲಿ ನೀರು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುತ್ತದೆ ಎಂಬುದು ನಾನೇ ಪಾಠದಲ್ಲಿ ಹೇಳುತ್ತಿದ್ದ ಮಾತು. ಲೆಕ್ಕ ಹಾಕಿದರೆ ಬೆಂಗಳೂರಿನಲ್ಲಿ ನೀರು ಕುದಿಯಬೇಕಾದದ್ದು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಹುಡುಗಿಯ ಕಣ್ಣಿಗೆ ಬಿದ್ದದ್ದು ಸರಿಯಾದ ಉತ್ತರ. ಅದನ್ನು ಅಳಿಸಿದ್ದು ಅವಳ ರಬ್ಬರು, ಅಳಿಸಲು ಒಪ್ಪಿಗೆ ಕೊಟ್ಟವಳು ಅವಳ ವಿಜ್ಞಾನದ ಶಿಕ್ಷಕಿ.

ಪ್ರೌಢಶಾಲೆಯ ಮಕ್ಕಳು ವಿಜ್ಞಾನದ ತರಗತಿಯಲ್ಲಿ ಏನನ್ನು ಕಲಿಯುತ್ತಾರೆ ಎಂಬ ವಿಷಯದ ಮೇಲೆ ಮಾತನಾಡಲು ನನ್ನನ್ನು ಕರೆದಿದ್ದೀರಿ. ಪಠ್ಯಕ್ರಮದ ಪಟ್ಟಿಯನ್ನು ಓದಿ ಹೇಳುವ ಅಗತ್ಯವಿಲ್ಲ. ರಾಸಾಯನಿಕ ಕ್ರಿಯೆಗಳು, ಆಮ್ಲ ಪ್ರತ್ಯಾಮ್ಲಗಳು, ಜೀವಕ್ರಿಯೆಗಳು, ಬೆಳಕು, ವಿದ್ಯುಚ್ಛಕ್ತಿ ಇವೆಲ್ಲ ಇಲ್ಲಿ ಕುಳಿತಿರುವ ಶಿಕ್ಷಕರಿಗೆ ಬಾಯಿಪಾಠ, ಪೋಷಕರಿಗೂ ಮನೆಯ ಮೇಜಿನ ಮೇಲೆ ದಿನವೂ ಕಾಣುವ ಹೆಸರುಗಳು. ನಾನು ಹೇಳಬೇಕೆಂದಿರುವುದು ಈ ಪಾಠಗಳ ಅಡಿಯಲ್ಲಿ, ಯಾರೂ ಹೇಳಿಕೊಡದಿದ್ದರೂ ಮಕ್ಕಳು ಕಲಿತುಬಿಡುವ ಇನ್ನೊಂದು ಪಾಠದ ಬಗ್ಗೆ. ತನ್ನ ಕಣ್ಣು ಕಂಡದ್ದಕ್ಕೂ ಪುಸ್ತಕ ಹೇಳಿದ್ದಕ್ಕೂ ಹೊಂದಾಣಿಕೆಯಾಗದಿದ್ದಾಗ ಏನು ಮಾಡಬೇಕು ಎಂಬುದೇ ಆ ಪಾಠ. ನಮ್ಮ ಬಹುಪಾಲು ತರಗತಿಗಳಲ್ಲಿ ಮಗು ಅದಕ್ಕೆ ಕಲಿಯುವ ಉತ್ತರ: ಕಣ್ಣು ಕಂಡದ್ದನ್ನು ಅಳಿಸು. ಹತ್ತನೆಯ ತರಗತಿ ಮುಗಿದ ಮೇಲೆ ಸಮೀಕರಣಗಳು ಮರೆತುಹೋಗುತ್ತವೆ, ಈ ಪಾಠ ಮಾತ್ರ ಬಹುಕಾಲ ಉಳಿಯುತ್ತದೆ.

ಕುದಿಯುವ ನೀರಿನ ಬಳಿ ಇನ್ನಷ್ಟು ಹೊತ್ತು ನಿಲ್ಲೋಣ. ಸೆಲ್ಸಿಯಸ್ ಎಂಬ ಹೆಸರು ನಮ್ಮ ಮಕ್ಕಳಿಗೆ ಕೇವಲ ಒಂದು ಏಕಮಾನ. ಆದರೆ ಆಂಡರ್ಸ್ ಸೆಲ್ಸಿಯಸ್ ಎಂಬ ಸ್ವೀಡನ್ನಿನ ಖಗೋಳಜ್ಞ 1742ರಲ್ಲಿ ತನ್ನ ಅಳತೆಪಟ್ಟಿಯನ್ನು ಮುಂದಿಟ್ಟಾಗಲೇ, ನೀರು ಕುದಿಯುವ ಬಿಂದು ಗಾಳಿಯ ಒತ್ತಡಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನು ಗಮನಿಸಿದ್ದ. ಆದ್ದರಿಂದ ಒಂದು ಗೊತ್ತಾದ ಒತ್ತಡದಲ್ಲಿ ಕುದಿಯುವ ನೀರನ್ನೇ ಗುರುತಾಗಿ ಹಿಡಿಯಬೇಕಾಯಿತು. ಆತ ಕುದಿಯುವ ಬಿಂದುವಿಗೆ 0 ಎಂದೂ ಹೆಪ್ಪುಗಟ್ಟುವ ಬಿಂದುವಿಗೆ 100 ಎಂದೂ ಇಟ್ಟಿದ್ದ, ಅದು ತಲೆಕೆಳಗಾದದ್ದು ಆಮೇಲೆ. ಅಂದರೆ 100 ಎಂಬುದು ನೀರಿನ ಹಣೆಯ ಮೇಲೆ ಬರೆದ ಸಂಖ್ಯೆಯಲ್ಲ. ಮನುಷ್ಯರು ಒಂದು ಷರತ್ತಿನೊಂದಿಗೆ ಒಪ್ಪಿಕೊಂಡ ಗುರುತು ಅದು. ನಾವು ಷರತ್ತನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಕಲಿಸುತ್ತ ಬಂದಿದ್ದೇವೆ.

ಈ ವಿಷಯ ನನಗೆ ಮನವರಿಕೆಯಾದ ಮೇಲೆ ಪ್ರಯೋಗದ ಕ್ರಮವನ್ನೇ ಬದಲಾಯಿಸಿದೆ. ಮೊದಲಿನಂತೆ ಒಂದು ತಂಡಕ್ಕೆ ಒಂದು ಥರ್ಮಾಮೀಟರು ಕೊಟ್ಟು ಸುಮ್ಮನಾಗದೆ, ಒಂದೇ ಪಾತ್ರೆಯ ಕುದಿಯುವ ನೀರಿನಲ್ಲಿ ನಾಲ್ಕು ಥರ್ಮಾಮೀಟರುಗಳನ್ನು ಇಳಿಬಿಡಿಸಿದೆ. ಒಂದು 96.5 ತೋರಿಸಿತು, ಎರಡು 97, ಇನ್ನೊಂದು 98. ತರಗತಿಯಲ್ಲಿ ಗದ್ದಲವೆದ್ದಿತು. ಯಾವುದು ಸರಿ? ಒಬ್ಬ ಹುಡುಗ, ಹೆಚ್ಚು ಮಂದಿ ಹೇಳಿದ್ದೇ ಸರಿ ಎಂದ. ಇನ್ನೊಬ್ಬಳು, ಥರ್ಮಾಮೀಟರಿನ ಗುಂಡು ಪಾತ್ರೆಯ ತಳಕ್ಕೆ ತಾಗಿದ್ದರೆ ಹೆಚ್ಚು ತೋರಿಸಬಹುದು ಎಂದಳು. ಮೂರನೆಯವನು, ಎಲ್ಲವನ್ನೂ ಮೊದಲು ಕರಗುತ್ತಿರುವ ಮಂಜುಗಡ್ಡೆಯಲ್ಲಿ ಇಟ್ಟು ನೋಡೋಣ, ಸೊನ್ನೆಯನ್ನೇ ಸರಿಯಾಗಿ ತೋರಿಸದವನ ಮಾತನ್ನು ನಂಬುವುದು ಹೇಗೆ ಎಂದ. ಆ ಮಾತು ಕೇಳಿ ನನಗೆ ಆದ ಸಂತೋಷವನ್ನು ಇಂದಿಗೂ ಮರೆಯಲಾರೆ. ಉಪಕರಣವನ್ನು ನಂಬುವ ಮೊದಲು ಉಪಕರಣವನ್ನೇ ಪರೀಕ್ಷಿಸಬೇಕು ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾಲ್ಕು ಥರ್ಮಾಮೀಟರುಗಳು ಒಂದಕ್ಕೊಂದು ಒಪ್ಪದಿದ್ದುದರಿಂದ ಅದು ಅವನಿಗೆ ತಾನಾಗಿಯೇ ಹೊಳೆಯಿತು.

ಅಲ್ಲಿಂದ ಮುಂದಿನ ಪ್ರಶ್ನೆ: ಎಲ್ಲವೂ ಸೊನ್ನೆಯನ್ನು ಹೆಚ್ಚುಕಡಿಮೆ ಸರಿಯಾಗಿಯೇ ತೋರಿಸಿ, ಕುದಿಯುವಾಗ ಮಾತ್ರ ಎಲ್ಲವೂ ನೂರಕ್ಕಿಂತ ಕೆಳಗೇ ಏಕೆ ನಿಲ್ಲುತ್ತವೆ? ಒಂದು ವಾರ ನಾನು ಉತ್ತರ ಹೇಳಲಿಲ್ಲ. ಸುಮಾರು 300 ಮೀಟರ್ ಮೇಲೇರಿದರೆ ಕುದಿಯುವ ಬಿಂದು ಒಂದು ಡಿಗ್ರಿಯಷ್ಟು ಇಳಿಯುತ್ತದೆ ಎಂಬ ಒಂದೇ ಸುಳಿವನ್ನು ಕೊಟ್ಟೆ. ಮೂರು ಡಿಗ್ರಿ ಇಳಿದಿದೆ, ಹಾಗಾದರೆ ನಾವು 900 ಮೀಟರ್ ಎತ್ತರದಲ್ಲಿರಬೇಕು ಎಂದು ಮಕ್ಕಳೇ ಲೆಕ್ಕ ಹಾಕಿದರು. ಅವರಲ್ಲೊಬ್ಬಳ ತಂದೆ ರೈಲ್ವೆಯಲ್ಲಿದ್ದರು. ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಬರೆದಿರುತ್ತದೆ ಎಂಬುದನ್ನು ಅವಳು ಮನೆಯಲ್ಲಿ ಕೇಳಿ ತಿಳಿದು, ಭಾನುವಾರ ಹೋಗಿ ನೋಡಿಕೊಂಡು ಬಂದಳು. ಒಂಬೈನೂರಕ್ಕೆ ತೀರ ಹತ್ತಿರದ ಸಂಖ್ಯೆ. ಬೀಕರು, ಸ್ಪಿರಿಟ್ ದೀಪ, ಥರ್ಮಾಮೀಟರು ಇಷ್ಟರಲ್ಲೇ ಒಂಬತ್ತನೆಯ ತರಗತಿಯ ಮಕ್ಕಳು ತಾವು ನಿಂತ ಊರಿನ ಎತ್ತರವನ್ನು ಅಳೆದಿದ್ದರು. ಹಿಂದೆ ಪರ್ವತ ಹತ್ತುತ್ತಿದ್ದ ಅನ್ವೇಷಕರೂ ನೀರು ಕುದಿಸಿಯೇ ತಾವು ಎಷ್ಟು ಎತ್ತರದಲ್ಲಿದ್ದೇವೆಂದು ತಿಳಿಯುತ್ತಿದ್ದರು ಎಂದು ಹೇಳಿದಾಗ ಅವರ ಮುಖಗಳು ಅರಳಿದವು. ಕುಂದಾಪುರದ ಕಡೆಯ ಹುಡುಗನೊಬ್ಬ ದಸರಾ ರಜೆಗೆ ಊರಿಗೆ ಹೋಗುವಾಗ ಅವುಗಳಲ್ಲೊಂದು ಥರ್ಮಾಮೀಟರನ್ನು ಹತ್ತಿಯಲ್ಲಿ ಸುತ್ತಿ ಕೊಂಡೊಯ್ದು, ಅಜ್ಜಿಯ ಅಡುಗೆಮನೆಯಲ್ಲಿ ನೀರು ಕುದಿಸಿ, 99.5 ಎಂದು ಬರೆದು ತಂದ. ಬೆಂಗಳೂರಿನಲ್ಲಿ ಅನ್ನ ಬೇಯಲು ಕುಕ್ಕರ್ ಏಕೆ ಅಷ್ಟು ನೆರವಾಗುತ್ತದೆ, ಅದರೊಳಗೆ ನೀರು 120 ಡಿಗ್ರಿಯ ಹತ್ತಿರಕ್ಕೆ ಹೇಗೆ ಹೋಗುತ್ತದೆ ಎಂಬುದನ್ನು ಆ ಮೇಲೆ ವಿವರಿಸಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ.

ಈಗ ರೆಕಾರ್ಡ್ ಪುಸ್ತಕದ ವಿಷಯ. ಉದ್ದೇಶ, ಬೇಕಾಗುವ ಸಾಮಗ್ರಿಗಳು, ವಿಧಾನ, ಅವಲೋಕನ, ಫಲಿತಾಂಶ ಎಂದು ಅಚ್ಚುಕಟ್ಟಾಗಿ ಬರೆದ, ಕಂದುಬಣ್ಣದ ರಟ್ಟು ಹಾಕಿದ ಆ ಪುಸ್ತಕಗಳನ್ನು ನೀವು ನೋಡಿದ್ದೀರಿ. ವೋಲ್ಟೇಜು ಏರಿದಷ್ಟೇ ಪ್ರಮಾಣದಲ್ಲಿ ವಿದ್ಯುತ್ ಏರುತ್ತದೆ ಎನ್ನುವ ಓಮನ ನಿಯಮದ ಪ್ರಯೋಗವನ್ನು ತೆಗೆದು ನೋಡಿ. ಅರವತ್ತು ಮಕ್ಕಳ ನಕ್ಷೆಯಲ್ಲಿಯೂ ರೇಖೆ ಮೂಲಬಿಂದುವಿನಿಂದ ಹೊರಟು ಕೂದಲೆಳೆಯಷ್ಟೂ ಬಾಗದೆ ನೇರವಾಗಿ ಹೋಗಿರುತ್ತದೆ. ನಿಜವಾದ ವೋಲ್ಟ್‌ಮಾಪಕ, ನಿಜವಾದ ಅಮ್ಮಾಪಕ, ತುಕ್ಕು ಹಿಡಿದ ಕ್ಲಿಪ್ಪುಗಳನ್ನು ಬಳಸಿದ ಯಾವ ಮನುಷ್ಯನಿಗೂ ಅಂಥ ರೇಖೆ ಸಿಗುವುದಿಲ್ಲ. ಮಕ್ಕಳು ಮೊದಲು ರೇಖೆ ಎಳೆದು ಆಮೇಲೆ ಅದರ ಮೇಲೆ ಚುಕ್ಕೆಗಳನ್ನು ಇಟ್ಟಿರುತ್ತಾರೆ. ಇದನ್ನು ನಾನು ಮಕ್ಕಳ ಮೋಸವೆಂದು ಕರೆಯಲಾರೆ. ಚುಕ್ಕೆ ರೇಖೆಯಿಂದ ಆಚೀಚೆ ಸರಿದರೆ ಅಂಕ ಕಳೆಯುವವರು ನಾವು.

ಒಂದು ವರ್ಷ ಪ್ರತಿರೋಧಕದ ತಂತಿ ಸಿಗದೆ, ಟಾರ್ಚಿನ ಸಣ್ಣ ಬಲ್ಬನ್ನೇ ಮಂಡಲಕ್ಕೆ ಸೇರಿಸಿ ಅಳೆಯಲು ಹೇಳಿದೆ. ನಕ್ಷೆ ನೇರವಾಗಿ ಬರಲಿಲ್ಲ, ಮೇಲೆ ಹೋದಂತೆ ಬಾಗಿತು. ಬಲ್ಬಿನ ತಂತಿ ಕಾದಂತೆ ಅದರ ರೋಧ ಹೆಚ್ಚುತ್ತದೆ, ಆದ್ದರಿಂದ ವೋಲ್ಟೇಜು ಏರಿದಷ್ಟು ಪ್ರಮಾಣದಲ್ಲಿ ವಿದ್ಯುತ್ ಏರುವುದಿಲ್ಲ. ಉಷ್ಣತೆ ಸ್ಥಿರವಾಗಿದ್ದರೆ ಎಂಬ ಮಾತು ನಿಯಮದೊಳಗೇ ಇದೆ. ಎಲ್ಲರೂ ಬಾಯಿಪಾಠ ಮಾಡಿದ್ದ ಆ ಮಾತು ಏಕೆ ಅಲ್ಲಿದೆ ಎಂದು ಆ ದಿನ ತರಗತಿಗೆ ಮೊದಲ ಬಾರಿಗೆ ಅರ್ಥವಾಯಿತು. ಆದರೆ ಪಾಠ ವೀಕ್ಷಿಸಲು ಬಂದ ಹಿರಿಯರೊಬ್ಬರು ಬಾಗಿದ ನಕ್ಷೆಗಳನ್ನು ನೋಡಿ, ಎಲ್ಲವನ್ನೂ ಮತ್ತೆ ಬರೆಸಬೇಕೆಂದು ಹೇಳಿ ಹೋದರು. ನಾನು ಬರೆಸಲಿಲ್ಲ. ಆ ಬಗ್ಗೆ ಒಂದು ವರ್ಷ ಪತ್ರವ್ಯವಹಾರ ನಡೆಯಿತು, ಅದನ್ನು ಇಲ್ಲಿ ಬಿಚ್ಚುವುದು ಬೇಡ.

ಇನ್ನು ಸಸ್ಯಗಳ ಕಡೆಗೆ ಬರೋಣ. ಹತ್ತನೆಯ ತರಗತಿ ಮುಗಿಸಿದ ಯಾವ ಮಗುವನ್ನಾದರೂ ದ್ಯುತಿಸಂಶ್ಲೇಷಣೆ ಎಂದರೇನು ಎಂದು ಕೇಳಿ. ಕನ್ನಡ ಮಾಧ್ಯಮದವರು ಕನ್ನಡದಲ್ಲಿ, ಇಂಗ್ಲಿಷ್ ಮಾಧ್ಯಮದವರು ಇಂಗ್ಲಿಷಿನಲ್ಲಿ ಉಸಿರು ತೆಗೆದುಕೊಳ್ಳದೆ ಹೇಳುತ್ತಾರೆ, ಸಮೀಕರಣವನ್ನೂ ಬರೆಯುತ್ತಾರೆ. ಈಗ ಅದೇ ಮಗುವನ್ನು ಕಬ್ಬನ್ ಪಾರ್ಕಿನ ದೊಡ್ಡ ಮಳೆಮರವೊಂದರ ಕೆಳಗೆ ನಿಲ್ಲಿಸಿ, ಕೆಲವು ಗ್ರಾಮ್ ಕೂಡ ತೂಗದ ಒಂದು ಬೀಜದಿಂದ ಇಷ್ಟು ಟನ್ ಮರ ಬಂತಲ್ಲ, ಈ ತೂಕವೆಲ್ಲ ಎಲ್ಲಿಂದ ಬಂತು ಎಂದು ಕೇಳಿ. ನಾನು ಕೇಳಿದ ಮಕ್ಕಳಲ್ಲಿ ಹೆಚ್ಚಿನವರು ಮಣ್ಣಿನಿಂದ ಎಂದರು. ನೀರಿನಿಂದ ಎಂದವರು ಕೆಲವರು. ಗಾಳಿಯಿಂದ ಎಂದವರು ಬೆರಳೆಣಿಕೆಯಷ್ಟು, ಅವರೂ ಹೇಳಿದ ಮೇಲೆ ತಪ್ಪಾಯಿತೇನೋ ಎಂದು ನನ್ನ ಮುಖ ನೋಡಿದರು. ಪರೀಕ್ಷೆಯಲ್ಲಿ ಪೂರ್ಣ ಅಂಕ ಪಡೆದ ಜ್ಞಾನ ಮರದ ಕೆಳಗೆ ಬಂದು ನಿಂತಾಗ ನೆರವಿಗೆ ಬರಲಿಲ್ಲ.

ಈ ಪ್ರಶ್ನೆಯನ್ನು ಮೊದಲು ತಕ್ಕಡಿಯಲ್ಲಿಟ್ಟು ಕೇಳಿದವರಲ್ಲಿ ಒಬ್ಬ ಹದಿನೇಳನೆಯ ಶತಮಾನದ ರಸಾಯನಜ್ಞ ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್. ದೊಡ್ಡ ಕುಂಡದಲ್ಲಿ ಒಣಗಿಸಿದ 200 ಪೌಂಡ್ ಮಣ್ಣು ತುಂಬಿ, 5 ಪೌಂಡ್ ತೂಕದ ವಿಲ್ಲೋ ಗಿಡವನ್ನು ನೆಟ್ಟು, ಐದು ವರ್ಷ ನೀರನ್ನು ಮಾತ್ರ ಹಾಕಿ ಬೆಳೆಸಿದ. ಕೊನೆಗೆ ಮರ 169 ಪೌಂಡ್ ತೂಗಿತು. ಮಣ್ಣನ್ನು ಒಣಗಿಸಿ ತೂಗಿದರೆ ಕಡಿಮೆಯಾಗಿದ್ದದ್ದು 2 ಔನ್ಸ್ ಮಾತ್ರ, ಅಂದರೆ ನಮ್ಮ ಲೆಕ್ಕದಲ್ಲಿ 60 ಗ್ರಾಮಿಗೂ ಕಡಿಮೆ. ಮರ ಮಣ್ಣಿನಿಂದ ಆದದ್ದಲ್ಲ ಎಂಬುದು ಅಷ್ಟರಿಂದಲೇ ಸಾಬೀತಾಯಿತು. ಆದರೆ ಆತ, ಹಾಗಾದರೆ ಮರವೆಲ್ಲ ನೀರಿನಿಂದಲೇ ಆದದ್ದು ಎಂದು ತೀರ್ಮಾನಿಸಿದ. 1648ರಲ್ಲಿ, ಆತ ತೀರಿಕೊಂಡ ನಂತರ, ಈ ಬರಹ ಪ್ರಕಟವಾಯಿತು. ನನ್ನನ್ನು ಕಾಡುವ ಸಂಗತಿಯೆಂದರೆ, ಅನಿಲ ಎಂಬ ಅರ್ಥದಲ್ಲಿ ಇಂದು ಜಗತ್ತೆಲ್ಲ ಬಳಸುವ ಗ್ಯಾಸ್ ಎಂಬ ಪದವನ್ನು ಹುಟ್ಟುಹಾಕಿದವನೂ ಅವನೇ. ಇದ್ದಿಲು ಉರಿದಾಗ ಹೊರಡುವ ಅನಿಲವನ್ನು ಗುರುತಿಸಿದವನು, ಆ ಅನಿಲವೇ ತನ್ನ ಕುಂಡದ ಮರವಾಗಿ ನಿಂತಿದೆ ಎಂದು ಊಹಿಸಲಿಲ್ಲ. ಅಳತೆ ಸರಿಯಿತ್ತು, ತೀರ್ಮಾನ ತಪ್ಪಿತ್ತು. ಹೀಗೂ ಆಗುತ್ತದೆ ಎಂಬುದನ್ನು ಮಕ್ಕಳು ತಿಳಿಯಬೇಕು. ಗಾಳಿಯಲ್ಲಿ ಹತ್ತು ಸಾವಿರ ಭಾಗಕ್ಕೆ ನಾಲ್ಕು ಭಾಗದಷ್ಟಿರುವ ಕಾರ್ಬನ್ ಡೈಆಕ್ಸೈಡ್‌ನಿಂದ ಮರ ತನ್ನ ಕಾರ್ಬನ್ನನ್ನು ಕೂಡಿಹಾಕುತ್ತದೆ, ಒಣಗಿದ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ಆ ಕಾರ್ಬನ್ನೇ ಎಂದು ಇದಾದ ಮೇಲೆ ಹೇಳಿದರೆ, ಸಮೀಕರಣದ ಎಡಭಾಗದಲ್ಲಿರುವ ಅಕ್ಷರಗಳಿಗೆ ತೂಕ ಬರುತ್ತದೆ.

ಬದಿಯ ಮಾತೊಂದನ್ನು ಇಲ್ಲಿ ಸೇರಿಸಬೇಕು. ಮಾಧ್ಯಮ ಯಾವುದೇ ಇರಲಿ, ಬೆಂಗಳೂರಿನ ಮಗು ವಿಜ್ಞಾನದ ಪ್ರಶ್ನೆಯನ್ನು ಮನಸ್ಸಿನಲ್ಲಿ ಕೇಳಿಕೊಳ್ಳುವುದು ಮನೆಯ ಮಾತಿನಲ್ಲಿ. ಆ ಮನೆಮಾತು ಕನ್ನಡವಿರಬಹುದು, ತೆಲುಗು, ತಮಿಳು, ಉರ್ದು ಇರಬಹುದು. ಅಲ್ಲಿ ತೊಡಕು ಹುಟ್ಟುವುದು ಕಷ್ಟದ ಪದಗಳಿಂದಲ್ಲ, ಸುಲಭದ ಪದಗಳಿಂದ. ದ್ಯುತಿಸಂಶ್ಲೇಷಣೆ ಹೊಸ ಪದ, ಮಗು ಅದನ್ನು ಹೊಸದಾಗಿಯೇ ಕಲಿಯುತ್ತದೆ. ಕೆಲಸ ಎಂಬುದು ಹಳೆಯ ಪದ. ತಾಯಿ ತುಂಬಿದ ಕೊಡವನ್ನು ಹಿಡಿದು ಟ್ಯಾಂಕರಿನ ಸಾಲಿನಲ್ಲಿ ಅರ್ಧ ಗಂಟೆ ನಿಂತಿದ್ದರೆ, ಭೌತವಿಜ್ಞಾನದ ಪ್ರಕಾರ ಅವಳು ಆ ಕೊಡದ ಮೇಲೆ ಮಾಡಿದ ಕೆಲಸ ಸೊನ್ನೆ. ಇದನ್ನು ಕೇಳಿದ ಹುಡುಗಿಯೊಬ್ಬಳ ಕಣ್ಣಲ್ಲಿ ನೀರು ತುಂಬಿತ್ತು. ನಮ್ಮ ಸ್ನಾಯುಗಳು ಒಳಗೊಳಗೇ ಬಿಗಿದು ಸಡಿಲಿ ಶಕ್ತಿಯನ್ನು ವ್ಯಯಿಸುತ್ತಲೇ ಇರುತ್ತವೆ, ದಣಿವು ನಿಜ. ಕೊಡ ಮೇಲೇರದ ಕಾರಣ ಕೊಡಕ್ಕೆ ಶಕ್ತಿ ಸೇರಲಿಲ್ಲ, ಅಷ್ಟೇ. ಈ ಎರಡು ಅರ್ಥಗಳನ್ನು ಬಿಡಿಸಿ ಹೇಳುವ ಹೊಣೆ ನಮ್ಮದು. ಆಮೇಲೆ ಅದೇ ಹುಡುಗಿಗೆ, ಸಾವಿರ ಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು ಎಷ್ಟು ಶಕ್ತಿ ಬೇಕು ಎಂದು ಲೆಕ್ಕ ಕೊಟ್ಟೆ. ಸುಮಾರು 9.8 ಲಕ್ಷ ಜೂಲ್, ಅಂದರೆ ಕಾಲು ಯೂನಿಟ್ ವಿದ್ಯುತ್ತಿಗಿಂತ ತುಸು ಹೆಚ್ಚು, ಪಂಪಿನಲ್ಲಿ ಪೋಲಾಗುವುದನ್ನು ಬಿಟ್ಟು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಹಲವು ನೂರು ಮೀಟರ್ ಏರಿ ಈ ಊರಿಗೆ ಬರುತ್ತದೆ ಎಂಬುದನ್ನು ಅವಳೇ ಅದಕ್ಕೆ ಜೋಡಿಸಿಕೊಂಡಳು.

ನೀರಿನ ಮಾತು ಬಂದದ್ದರಿಂದ ಅದರ ಬಗ್ಗೆಯೇ ಇನ್ನೊಂದು ಪ್ರಯೋಗವನ್ನು ಹೇಳುತ್ತೇನೆ, ಇದನ್ನು ಯಾವ ಶಾಲೆಯಲ್ಲಾದರೂ ಮಾಡಬಹುದು. ಪ್ರತಿ ಮಗುವೂ ತನ್ನ ಮನೆಯ ನೀರನ್ನು ಒಂದು ಸಣ್ಣ ಬಾಟಲಿಯಲ್ಲಿ ತರಲಿ. ಬಾಟಲಿಯ ಮೇಲೆ ಬಡಾವಣೆಯ ಹೆಸರು, ಕಾವೇರಿಯೋ ಬೋರ್‌ವೆಲ್ಲೋ ಟ್ಯಾಂಕರೋ ಎಂಬುದನ್ನು ಬರೆದ ಚೀಟಿ ಇರಲಿ. ಎಲ್ಲವನ್ನೂ ಒಂದೇ ಅಳತೆಗೆ ತಂದು, ಸೋಪಿನ ದ್ರಾವಣದ ಹತ್ತು ಹತ್ತು ಹನಿ ಹಾಕಿ, ಒಂದೇ ಸಂಖ್ಯೆಯಷ್ಟು ಬಾರಿ ಕುಲುಕಿ, ನೊರೆಯ ಎತ್ತರವನ್ನು ಸ್ಕೇಲಿನಿಂದ ಅಳೆಯಲಿ. ಸೋಪಿನ ಬಿಲ್ಲೆಯನ್ನೇ ಕರಗಿಸಿದ ದ್ರಾವಣವಾಗಿರಬೇಕು, ಬಟ್ಟೆ ಒಗೆಯುವ ಪುಡಿ ಬೇಡ. ನಾವು ಮಾಡಿದಾಗ ಕೆಲವು ಬಾಟಲಿಗಳಲ್ಲಿ ನೊರೆ ಮೂರು ನಾಲ್ಕು ಸೆಂಟಿಮೀಟರ್ ಎದ್ದು ನಿಂತಿತು. ಕೆಲವು ಬೋರ್‌ವೆಲ್ ನೀರಿನ ಬಾಟಲಿಗಳಲ್ಲಿ ನೊರೆಯೇ ಇಲ್ಲದೆ, ಒಡೆದ ಮಜ್ಜಿಗೆಯಂಥ ಬಿಳಿ ಗಸಿ ತೇಲಿತು. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸೋಪನ್ನು ಹಿಡಿದು ಕರಗದ ವಸ್ತುವಾಗಿಸುತ್ತವೆ ಎಂಬ ಪಾಠದ ವಾಕ್ಯ ಬಾಟಲಿಯೊಳಗೆ ಕಾಣುತ್ತಿತ್ತು. ಮಕ್ಕಳು ಬಾಟಲಿಗಳನ್ನು ಬಡಾವಣೆಯ ಪ್ರಕಾರ ನೆಲದ ಮೇಲೆ ಜೋಡಿಸಿದಾಗ ನಮ್ಮ ಸುತ್ತಲಿನ ಪ್ರದೇಶದ ಒಂದು ನಕ್ಷೆಯೇ ಮೂಡಿತು. ಅಮ್ಮ ಸ್ನಾನದ ಮನೆಯ ನಲ್ಲಿಯ ಬಿಳಿ ಪದರವನ್ನು ಹುಳಿನೀರು ಹಾಕಿ ಏಕೆ ಉಜ್ಜುತ್ತಾಳೆ ಎಂದು ಒಬ್ಬ ಕೇಳಿದ. ಆಮ್ಲದ ಪಾಠ ಅಲ್ಲಿಗೆ ಬಂದು ಸೇರಿತು.

ಮರುದಿನ ಅದೇ ಗಡಸು ನೀರಿಗೆ ಬಟ್ಟೆ ಒಗೆಯುವ ಪುಡಿಯ ದ್ರಾವಣ ಹಾಕಿದೆವು. ಈ ಸಲ ಎಲ್ಲ ಬಾಟಲಿಗಳಲ್ಲೂ ನೊರೆ ಬಂತು. ಡಿಟರ್ಜೆಂಟ್ ಕ್ಯಾಲ್ಸಿಯಂ ಜೊತೆ ಸೇರಿ ಗಸಿಯಾಗಿ ಕೂರುವುದಿಲ್ಲ, ಅದರ ಅನುಕೂಲವೇ ಅದು. ಆ ಅನುಕೂಲ ಚರಂಡಿಯ ದಾರಿಯಲ್ಲಿ ಕೆರೆಯನ್ನು ಸೇರಿದಾಗ ಏನಾಗುತ್ತದೆ ಎಂಬುದನ್ನು ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ಕೋಡಿಯಲ್ಲಿ ರಸ್ತೆಗೆ ಹಾರಿಬರುತ್ತಿದ್ದ ನೊರೆಯನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಸಾಬೂನು ಕೊಳೆಯನ್ನು ಹೇಗೆ ಹಿಡಿಯುತ್ತದೆ, ಕೊಳೆಯ ಸುತ್ತ ಸಾಬೂನಿನ ಕಣಗಳು ಕಟ್ಟಿಕೊಳ್ಳುವ ಗುಂಪಾದ ಮಿಸೆಲ್ ಎಂದರೇನು ಎಂದು ಚಿತ್ರ ಬಿಡಿಸುವ ಪಾಠ ಹತ್ತನೆಯ ತರಗತಿಯಲ್ಲಿದೆ. ಆ ಕೆರೆಯ ದಂಡೆಯಲ್ಲಿ ಮೂಗು ಮುಚ್ಚಿಕೊಂಡು ಶಾಲೆಗೆ ನಡೆದುಬರುವ ಮಗುವಿಗೆ, ತನ್ನ ಚಿತ್ರಕ್ಕೂ ಆ ನೊರೆಗೂ ಇರುವ ನಂಟನ್ನು ಯಾರೂ ತೋರಿಸದೆ ಇರುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಅರಿಶಿನದ ಪ್ರಯೋಗವನ್ನು ನೀವೆಲ್ಲ ಮಾಡಿಸುತ್ತೀರಿ, ಹೆಚ್ಚು ಹೇಳುವುದಿಲ್ಲ. ಆರತಿಯ ತಟ್ಟೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಸೇರಿಸಿ ಕೆಂಪಾಗಿಸುವುದನ್ನು ಕಂಡ ಮಗುವಿಗೆ, ಆಮ್ಲವೋ ಪ್ರತ್ಯಾಮ್ಲವೋ ಎಂದು ಬಣ್ಣ ಬದಲಿಸಿ ತೋರಿಸುವ ಸೂಚಕ ಎಂಬುದು ಹೊಸ ಸಂಗತಿಯಲ್ಲ. ಆ ಕೆಂಪಿಗೆ ನಿಂಬೆರಸ ಹಿಂಡಿದರೆ ಏನಾದೀತು ಎಂದು ಮಾತ್ರ ಕೇಳಿ, ಉತ್ತರವನ್ನು ಮನೆಯಲ್ಲಿ ನೋಡಿಕೊಂಡು ಬರಲಿ.

ನೆರಳಿನ ಬಗ್ಗೆ ಸ್ವಲ್ಪ ದೀರ್ಘವಾಗಿ ಹೇಳಬೇಕು, ಏಕೆಂದರೆ ಇದಕ್ಕೆ ಒಂದು ಕೋಲಿನ ಹೊರತು ಬೇರೇನೂ ಬೇಡ. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಆಗ ನೆರಳು ಇರುವುದಿಲ್ಲ ಎಂದು ಮಕ್ಕಳು ಮಾತ್ರವಲ್ಲ, ದೊಡ್ಡವರೂ ಹೇಳುತ್ತಾರೆ. ಈ ಮಾತಿನಲ್ಲಿ ಎರಡು ತಪ್ಪುಗಳಿವೆ, ಎರಡನ್ನೂ ಶಾಲೆಯ ಅಂಗಳದಲ್ಲೇ ಹಿಡಿಯಬಹುದು. ಬೆಂಗಳೂರಿನಲ್ಲಿ ನೇರ ನಿಂತ ಕೋಲಿಗೆ ನೆರಳೇ ಇಲ್ಲವಾಗುವುದು ವರ್ಷಕ್ಕೆ ಎರಡೇ ಸಲ, ಏಪ್ರಿಲ್ 24ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಅಂದು ಕೂಡ ಗಡಿಯಾರ ಹನ್ನೆರಡು ಹೊಡೆದಾಗ ಅಲ್ಲ. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ, ಬೆಂಗಳೂರು ಇರುವುದು 77.6ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಡುಹಗಲು ಸುಮಾರು ಇಪ್ಪತ್ತು ನಿಮಿಷ ತಡ. ಏಪ್ರಿಲಿನಲ್ಲಿ ಅದು 12 ಗಂಟೆ 18 ನಿಮಿಷದ ಹೊತ್ತಿಗೆ, ಆಗಸ್ಟಿನಲ್ಲಿ 12 ಗಂಟೆ 24 ನಿಮಿಷದ ಹೊತ್ತಿಗೆ ಬರುತ್ತದೆ.

ಏಪ್ರಿಲಿನಲ್ಲಿ ಶಾಲೆಗೆ ರಜೆ. ಆಗಸ್ಟಿನಲ್ಲಿ ಮೋಡ. ಆದರೂ ಒಂದು ಆಗಸ್ಟಿನಲ್ಲಿ ಮೋಡ ಸರಿದು ಹತ್ತು ನಿಮಿಷ ಬಿಸಿಲು ಬಿತ್ತು. ಮಕ್ಕಳು ಕಬಡ್ಡಿ ಅಂಕಣದ ನಡುವೆ ಮೀಟರ್ ಉದ್ದದ ಕೊಳವೆಯೊಂದನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿದ್ದರು. ನೆರಳು ಕುಗ್ಗಿ ಕುಗ್ಗಿ ಕೊಳವೆಯ ಬುಡದೊಳಗೆ ಸೇರಿಹೋದುದನ್ನು ಐವತ್ತು ಮಕ್ಕಳು ಒಂದೂ ಮಾತಿಲ್ಲದೆ ನೋಡಿದರು. ಕಲಬುರಗಿಯಲ್ಲಿ ಶಿಕ್ಷಕಿಯಾಗಿದ್ದ ನನ್ನ ಗೆಳತಿಗೆ ಮೊದಲೇ ಹೇಳಿಟ್ಟಿದ್ದೆ. ಅವಳೂ ಅಂದೇ, ಅವರ ನಡುಹಗಲಿನ ಹೊತ್ತಿಗೆ, ಅಷ್ಟೇ ಉದ್ದದ ಕೋಲಿನ ನೆರಳು ಅಳೆದು ಫೋನಿನಲ್ಲಿ ಹೇಳಿದಳು: ಏಳೂವರೆ ಸೆಂಟಿಮೀಟರ್. ಮೀಟರಿಗೆ ಏಳೂವರೆ ಸೆಂಟಿಮೀಟರ್ ಎಂದರೆ ಕೋನ ಸುಮಾರು 4.3 ಡಿಗ್ರಿ. ಸೂರ್ಯನ ಕಿರಣಗಳು ಎರಡೂ ಊರುಗಳಿಗೆ ಸಮಾಂತರವಾಗಿ ಬರುವುದರಿಂದ, ದುಂಡಗಿನ ಭೂಮಿಯ ಮೇಲೆ ಆ ಊರುಗಳ ನಡುವಿನ ಕೋನವೂ ಅಷ್ಟೇ. ಎರಡು ಊರುಗಳ ನಡುವಿನ ಉತ್ತರ ದಕ್ಷಿಣ ಅಂತರವನ್ನು ಭೂಪಟದಿಂದ ಅಳೆದು 480 ಕಿಲೋಮೀಟರ್ ಎಂದು ತೆಗೆದುಕೊಂಡೆವು. 4.3 ಡಿಗ್ರಿಗೆ 480 ಆದರೆ 360 ಡಿಗ್ರಿಗೆ ಎಷ್ಟು? ಕರಿಹಲಗೆಯ ಮೇಲೆ ಬಂದ ಸಂಖ್ಯೆ 40 ಸಾವಿರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಭೂಮಿಯ ಸುತ್ತಳತೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಇದೇ ದಾರಿಯಲ್ಲಿ ಯೋಚಿಸಿದ್ದ ಎಂದು ಹೇಳುವ ಮೊದಲೇ ಮಕ್ಕಳು ಆ ಕೆಲಸವನ್ನು ಮುಗಿಸಿದ್ದರು.

ಶಿಕ್ಷಕ ಮಿತ್ರರು ಕೇಳುವ ಪ್ರಶ್ನೆ ನನಗೆ ಗೊತ್ತು. ಒಂದು ತರಗತಿಯಲ್ಲಿ ಅರವತ್ತು ಮಕ್ಕಳು, ನಲವತ್ತು ನಿಮಿಷದ ಅವಧಿ, ಮುಗಿಸಬೇಕಾದ ಪಾಠಗಳು, 80 ಅಂಕಗಳ ಲಿಖಿತ ಪರೀಕ್ಷೆ, 20 ಅಂಕಗಳ ಆಂತರಿಕ ಮೌಲ್ಯಮಾಪನ. ಇದರ ನಡುವೆ ನಾಲ್ಕು ಥರ್ಮಾಮೀಟರುಗಳ ಜಗಳಕ್ಕೆ ಸಮಯವೆಲ್ಲಿ? ಎಲ್ಲ ಪ್ರಯೋಗಗಳನ್ನೂ ಹೀಗೆ ಮಾಡಿಸಿ ಎಂದು ನಾನು ಹೇಳುವುದಿಲ್ಲ, ಅದು ಆಗದ ಮಾತು. ವರ್ಷಕ್ಕೆ ಮೂರನ್ನು ಆರಿಸಿಕೊಳ್ಳಿ. ಉಳಿದವನ್ನು ಎಂದಿನಂತೆ ಮಾಡಿಸಿ. ಆ ಮೂರಕ್ಕೆ ಮಾತ್ರ ಪುಸ್ತಕದ ಉತ್ತರವನ್ನು ಮೊದಲೇ ಹೇಳಬೇಡಿ. ಪ್ರಯೋಗಾಲಯವಿಲ್ಲ ಎನ್ನುವವರಿಗೆ ನಾನು ಹೇಳಿದ ಪ್ರಯೋಗಗಳಲ್ಲಿ ಹೆಚ್ಚಿನವಕ್ಕೆ ಪ್ರಯೋಗಾಲಯ ಬೇಕಾಗಿಲ್ಲ. ಆದರೂ ಈ ಕೊರತೆಯನ್ನು ಹಗುರವಾಗಿ ಕಾಣಲಾರೆ. 1909ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಸಂಸ್ಥೆ ಇರುವ ಊರು ಇದು. ಸರ್ ಸಿ. ವಿ. ರಾಮನ್ ತಮ್ಮ ಸಂಶೋಧನಾಲಯವನ್ನು ಕಟ್ಟಿದ ಊರು ಇದು. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿಜ್ಞಾನವನ್ನು ಸಾಮಾನ್ಯ ಜನರ ಮುಂದೆ ಬಂದು ಮಾತನಾಡುವಂತೆ ಮಾಡಿದ ಊರು ಇದು. ಅಂಥ ಊರಿನಲ್ಲಿ ಬೀಕರನ್ನು ಕೈಯಲ್ಲಿ ಹಿಡಿಯದೆ ಹತ್ತನೆಯ ತರಗತಿ ಮುಗಿಸುವ ಮಕ್ಕಳಿದ್ದಾರೆ. ಕಸ್ತೂರ್ಬಾ ರಸ್ತೆಯ ವಸ್ತುಸಂಗ್ರಹಾಲಯಕ್ಕೆ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಕರೆದೊಯ್ದರೆ ಅದು ತುಂಬಿಕೊಡುವ ಕೊರತೆಯಲ್ಲ.

ಪೋಷಕರ ಪ್ರಶ್ನೆ ಬೇರೆ: 97 ಎಂದು ಬರೆದರೆ ಪರೀಕ್ಷಕರು ಅಂಕ ಕಳೆಯುವುದಿಲ್ಲವೇ? ಆ ಭಯ ಸುಳ್ಳಲ್ಲ. ಅದಕ್ಕಾಗಿ ನನ್ನ ಕೊನೆಯ ಹತ್ತು ವರ್ಷಗಳಲ್ಲಿ ಮಕ್ಕಳ ರೆಕಾರ್ಡ್ ಪುಸ್ತಕದಲ್ಲಿ ಫಲಿತಾಂಶದ ಜಾಗದಲ್ಲಿ ಮೂರು ಸಾಲು ಬರೆಸುತ್ತಿದ್ದೆ. ಅಳೆದದ್ದು ಎಷ್ಟು. ಪುಸ್ತಕದಲ್ಲಿರುವುದು ಎಷ್ಟು. ವ್ಯತ್ಯಾಸಕ್ಕೆ ಕಾರಣವೇನು. ಈ ಮೂರನ್ನೂ ಬರೆದ ಮಗುವಿಗೆ ಅಂಕ ಕಳೆದ ಪರೀಕ್ಷಕರು ನನಗೆ ಸಿಗಲಿಲ್ಲ. ಬರೆಯುವಾಗ ಪೆನ್ನನ್ನೇ ಬಳಸಬೇಕು, ಪೆನ್ಸಿಲ್ ಕೂಡದು ಎಂಬುದೊಂದೇ ನನ್ನ ಕಟ್ಟಪ್ಪಣೆಯಾಗಿತ್ತು.

ಒಂದು ವರ್ಷ ಒಂದು ತಂಡಕ್ಕೆ ನೀರು ಕುದಿಯುವಾಗ 101 ಬಂತು. ಮಿಕ್ಕ ಎಲ್ಲ ತಂಡಗಳಿಗೂ 97ರ ಆಸುಪಾಸು, ಇವರದ್ದು ಮಾತ್ರ ಪುಸ್ತಕದ ಸಂಖ್ಯೆಯನ್ನೂ ದಾಟಿತ್ತು. ಆ ತಂಡದ ಹುಡುಗ ಮೂರನೆಯ ಸಾಲಿನಲ್ಲಿ “ಕಾರಣ ಗೊತ್ತಾಗಿಲ್ಲ” ಎಂದು ಬರೆದು ತಂದ. ನಾನು ಅದರ ಕೆಳಗೆ ಸಹಿ ಹಾಕಿದೆ. ಮೂರು ವಾರ ಕಳೆದ ಮೇಲೆ, ಊಟದ ಬಿಡುವಿನಲ್ಲಿ ಅವನು ಅದೇ ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ, ಪಾದರಸದ ಎಳೆ ನಡುವೆ ತುಂಡಾಗಿ ಸಣ್ಣ ಅಂತರ ಬಿದ್ದಿರುವುದು ಕಂಡಿತು. ಓಡಿಬಂದು ತೋರಿಸಿದ. ಮಂಜುಗಡ್ಡೆ ತರಿಸಿ ಅದರಲ್ಲಿಟ್ಟೆವು, ಸೊನ್ನೆ ತೋರಿಸಬೇಕಾದದ್ದು 4 ತೋರಿಸಿತು. ಅವನು ರೆಕಾರ್ಡ್ ಪುಸ್ತಕ ತೆರೆದು, ಹಳೆಯ ಮೂರು ಸಾಲುಗಳನ್ನು ಹಾಗೆಯೇ ಬಿಟ್ಟು, ನನ್ನ ಸಹಿಯ ಕೆಳಗೆ ಆ ದಿನದ ತಾರೀಖು ಹಾಕಿ ನಾಲ್ಕನೆಯ ಸಾಲು ಬರೆದ: “ಪಾದರಸ ತುಂಡಾಗಿತ್ತು. ಮಂಜಿನಲ್ಲಿ 4 ತೋರಿಸುತ್ತದೆ. 101ರಲ್ಲಿ 4 ಕಳೆದರೆ 97.”